ಹೆಸರಿನ ಮುದ್ರೆಯೂ ಮಾತಿನ ನಿಜವೂ

ಚುನಾವಣೆಯ ಕರಪತ್ರವನ್ನು ಅಚ್ಚು ಹಾಕಿಸುವವರು ಅದರ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸಗಳನ್ನು ಕಾಣಿಸಲೇಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ವಿಧಿಸುತ್ತದೆ. ತಪ್ಪಿ ನಡೆದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಎರಡು ಸಾವಿರ ರೂಪಾಯಿವರೆಗಿನ ದಂಡ, ಅಥವಾ ಇವೆರಡೂ ಆಗಬಹುದು. ಕರಪತ್ರದಲ್ಲಿ ಹೇಳಿದ್ದು ನಿಜವೇ ಎಂದು ಈ ಕಲಮು ಕೇಳುವುದಿಲ್ಲ. ಹೇಳಿದವರಾರೆಂಬುದು ತಿಳಿದರೆ, ನಿಜವೇ ಎಂದು ವಿಚಾರಿಸುವ ಕೆಲಸವನ್ನು ಜನರು ತಾವೇ ಮಾಡಿಕೊಂಡಾರೆಂಬ ಭರವಸೆ ಅದರ ಹಿಂದಿದೆ. ಬೇಲೂರು ತಾಲ್ಲೂಕಿನ ಬಿಕ್ಕೋಡಿನಂಥ ಹೋಬಳಿ ಕೇಂದ್ರದಲ್ಲಿ, ಕಾಗದದ ಕಾಲದಲ್ಲಿ, ಆ ಭರವಸೆ ಹುಸಿಯಾಗಿರಲಿಲ್ಲ: ಅಂಗಡಿಯ ಜಗಲಿಯಲ್ಲಿ ಕುಳಿತು ಕರಪತ್ರ ಓದಿದವರು ಕೆಳಗಿನ ಸಣ್ಣಕ್ಷರದ ಸಾಲಿನಲ್ಲಿ ಬೇಲೂರಿನದೋ ಹಾಸನದ್ದೋ ಒಂದು ಮುದ್ರಣಾಲಯದ ಹೆಸರನ್ನು ಕಾಣುತ್ತಿದ್ದರು, ಪ್ರಕಾಶಕರೆನಿಸಿಕೊಂಡವರನ್ನು ಮುಂದಿನ ಸಂತೆಯಲ್ಲಿ ತಡೆದು ನಿಲ್ಲಿಸಿ ಪ್ರಶ್ನಿಸುವುದು ಸಾಧ್ಯವಿತ್ತು. ಗೂಗಲ್, ಮೆಟಾ ಮೊದಲಾದ ಸಂಸ್ಥೆಗಳು ರಾಜಕೀಯ ಜಾಹೀರಾತಿಗೆ ಇಂದು ಹಾಕಿರುವ ಕಟ್ಟಳೆಗಳು ಬಹುಮಟ್ಟಿಗೆ ಈ ಹಳೆಯ ಕಲಮಿನ ಸಂತಾನ. ಹೆಸರು ಹೇಳಿದರೆ ಮನೆಯನ್ನು ತೋರಿಸಬಲ್ಲ ಊರಿನಲ್ಲಿ ಫಲಿಸಿದ ನಿಯಮವನ್ನು ಹೆಸರಿಗೆ ಮುಖವೇ ಇಲ್ಲದ ಜಾಗಕ್ಕೆ ಒಯ್ದು, ಅದರಿಂದಲೇ ಸುಳ್ಳಿಗೂ ತಡೆಯಾದೀತೆಂದು ನಂಬಿರುವುದೇ ಈ ವ್ಯವಸ್ಥೆಯ ಮೂಲದೋಷವೆಂದು ನಾನು ಭಾವಿಸುತ್ತೇನೆ.

ದೋಷಕ್ಕೆ ಮುನ್ನ ಗುಣವನ್ನು ಹೇಳುವುದು ನ್ಯಾಯ. ದೂರದರ್ಶನದ ರಾಜಕೀಯ ಜಾಹೀರಾತುಗಳು ಪ್ರಸಾರಕ್ಕೆ ಮೊದಲು ಪ್ರಮಾಣೀಕೃತವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. ಆ ಕಟ್ಟಳೆಯನ್ನು ಚುನಾವಣಾ ಆಯೋಗವು 2013ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಜಾಲತಾಣಗಳಿಗೂ ವಿಸ್ತರಿಸಿತು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಗೂಗಲ್ ಸಂಸ್ಥೆಯು ಆಯೋಗದ ಪೂರ್ವಪ್ರಮಾಣಪತ್ರವಿಲ್ಲದೆ ಚುನಾವಣಾ ಜಾಹೀರಾತನ್ನು ಸ್ವೀಕರಿಸುವುದಿಲ್ಲವೆಂದು ಸಾರಿತು. ಮೆಟಾದ ಫೇಸ್‌ಬುಕ್ ತನ್ನ ಜಾಹೀರಾತು ಭಂಡಾರವನ್ನು ಭಾರತದಲ್ಲಿ ತೆರೆಯಿತು. ಪ್ರತಿ ರಾಜಕೀಯ ಜಾಹೀರಾತಿಗೂ ಹಣ ಕೊಟ್ಟವರ ಹೆಸರು, ವೆಚ್ಚದ ಅಂದಾಜು, ನೋಡಿದವರ ವಯಸ್ಸು, ಲಿಂಗ, ರಾಜ್ಯ ಇವೆಲ್ಲವೂ ಏಳು ವರ್ಷಗಳ ಕಾಲ ಆ ಭಂಡಾರದಲ್ಲಿ ಯಾರು ಬೇಕಾದರೂ ನೋಡುವಂತೆ ಉಳಿಯುತ್ತವೆ. ಗೋಡೆಬರಹವನ್ನು ಸುಣ್ಣ ಬಳಿದು ಅಳಿಸುತ್ತಿದ್ದ, ಧ್ವನಿವರ್ಧಕದ ಮಾತು ಗಾಡಿಯೊಡನೆಯೇ ಮರೆಯಾಗುತ್ತಿದ್ದ ಕಾಲದವರಿಗೆ ಇಂಥ ದಾಖಲೆ ಕನಸಿನಲ್ಲಿಯೂ ದೊರೆತಿರಲಿಲ್ಲ. 2020ರ ಆರಂಭದಿಂದ ಗೂಗಲ್ಲು ಮತದಾರರನ್ನು ವಯಸ್ಸು, ಲಿಂಗ, ಪಿನ್ ಕೋಡ್ ಮಟ್ಟದ ಸ್ಥಳ ಇಷ್ಟರಿಂದ ಮಾತ್ರ ಆರಿಸಿಕೊಳ್ಳಲು ಜಾಹೀರಾತುದಾರರಿಗೆ ಅನುಮತಿಸುತ್ತದೆ. ಒಂದೇ ಊರಿನಲ್ಲಿ ಒಬ್ಬೊಬ್ಬರ ಒಲವನ್ನು ಅಳೆದು ಒಬ್ಬೊಬ್ಬರಿಗೆ ಒಂದೊಂದು ವಾಗ್ದಾನವನ್ನು ಗುಟ್ಟಾಗಿ ಮಾಡುವ ಚಾತುರ್ಯಕ್ಕೆ ಇದರಿಂದ ನಿಜವಾದ ಕಡಿವಾಣ ಬಿದ್ದಿತು. ಇಡೀ ವ್ಯವಸ್ಥೆಯಲ್ಲಿ ನಾನು ಮನಸಾರೆ ಮೆಚ್ಚುವ ಅಂಶವಿದು.

ಆದರೆ ಫೇಸ್‌ಬುಕ್‌ನ ಆ ಭಂಡಾರದ ಹಾಳೆಯನ್ನು ಒಮ್ಮೆ ತೆರೆದು ನೋಡಬೇಕು. ಜಾಹೀರಾತಿನ ಚಿತ್ರದ ಮೇಲ್ಗಡೆ ಹಣ ಕೊಟ್ಟವರ ಹೆಸರೊಂದು ಸಣ್ಣಕ್ಷರದಲ್ಲಿರುತ್ತದೆ. ಅದು ಪಕ್ಷದ ಹೆಸರಾದರೆ ಸರಿ, ಎಷ್ಟೋ ವೇಳೆ ಅದೊಂದು ಪುಟದ ಹೆಸರು, ಒಂದು ಘೋಷಣೆ. ಪಕ್ಷದ ಸಂಬಂಧವನ್ನು ತೋರಗೊಡದೆ ಅದರ ಪ್ರಚಾರವನ್ನು ನಡೆಸಿದ ಪುಟಗಳ ವಿಷಯವನ್ನು ರಿಪೋರ್ಟರ್ಸ್ ಕಲೆಕ್ಟಿವ್ ಎಂಬ ಪತ್ರಕರ್ತರ ಬಳಗ 2022ರಲ್ಲಿಯೇ ಸವಿಸ್ತಾರವಾಗಿ ಬಯಲಿಗೆ ತಂದಿತು. ಹೆಸರು ಇದೆ, ಹೆಸರಿನ ಹಿಂದಿನ ವ್ಯಕ್ತಿ ಇಲ್ಲ. ನೋಡಿದವರ ರಾಜ್ಯ ಕರ್ನಾಟಕವೆಂದು ಇದೆ, ಅದು ಬಿಕ್ಕೋಡಿಗೆ ಬಂದಿತೋ ಬೀದರಿಗೆ ಹೋಯಿತೋ ತಿಳಿಯುವುದಿಲ್ಲ. ಜಾಹೀರಾತು ಕೊಡುವವರಿಗೆ ಪಿನ್ ಕೋಡಿನಷ್ಟು ಸೂಕ್ಷ್ಮವಾಗಿ ಕಾಣುವ ಭೂಪಟವು ಪ್ರಜೆಗೆ ರಾಜ್ಯದಷ್ಟು ಸ್ಥೂಲವಾಗಿ ಕಾಣುವುದನ್ನು ಪಾರದರ್ಶಕತೆಯೆಂದು ಒಪ್ಪಲು ನನ್ನ ಮನಸ್ಸು ಸಮ್ಮತಿಸುವುದಿಲ್ಲ.

ಹೆಸರಿನ ಮಾತು ಹಾಗಿರಲಿ. ಮಾತಿನ ಅರ್ಥವನ್ನು ಯಾರಾದರೂ ಓದುತ್ತಾರೆಯೇ? 2024ರ ಲೋಕಸಭಾ ಚುನಾವಣೆ ನಡೆಯುತ್ತಿದ್ದ ಮೇ ತಿಂಗಳಲ್ಲಿ, ಹಾಸನ ಕ್ಷೇತ್ರದ ಮತದಾನ ಏಪ್ರಿಲ್ 26ಕ್ಕೆ ಮುಗಿದಿದ್ದರೂ ದೇಶದ ಉಳಿದೆಡೆ ಇನ್ನೂ ಬಾಕಿಯಿದ್ದಾಗ, ಎಕೋ ಮತ್ತು ಇಂಡಿಯಾ ಸಿವಿಲ್ ವಾಚ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗಳು ಇದನ್ನು ಪರೀಕ್ಷಿಸಿದವು. ಅವು ದ್ವೇಷವನ್ನೂ ಸುಳ್ಳನ್ನೂ ಉದ್ದೇಶಪೂರ್ವಕವಾಗಿ ತುಂಬಿದ 22 ಜಾಹೀರಾತುಗಳನ್ನು ಇಂಗ್ಲಿಷ್, ಹಿಂದಿ, ಬಂಗಾಳಿ, ಗುಜರಾತಿ, ಕನ್ನಡ ಭಾಷೆಗಳಲ್ಲಿ ರಚಿಸಿ ಮೆಟಾ ಸಂಸ್ಥೆಗೆ ಸಲ್ಲಿಸಲು, 14 ಜಾಹೀರಾತುಗಳಿಗೆ ಒಪ್ಪಿಗೆ ದೊರೆಯಿತು. ಅಲ್ಪ ತಿದ್ದುಪಡಿಯ ಬಳಿಕ ಮತ್ತೆ ಮೂರಕ್ಕೆ ದೊರೆಯಿತು. ಪ್ರಕಟವಾಗುವ ಮುನ್ನವೇ ಪರೀಕ್ಷಕರು ಅವನ್ನು ಹಿಂತೆಗೆದುಕೊಂಡುದರಿಂದ ಯಾರಿಗೂ ಕೇಡಾಗಲಿಲ್ಲ. ಈ ಪ್ರಕರಣವನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ. ಏಕೆಂದರೆ ಇಲ್ಲಿ ಸೋತದ್ದು ಯಾರೋ ಕಳ್ಳದಾರಿಯಲ್ಲಿ ನುಸುಳಿದ ಬರಹವನ್ನು ಹಿಡಿಯುವ ಪ್ರಯತ್ನವಲ್ಲ, ಹಣ ಪಡೆಯುವುದಕ್ಕೆ ಮುನ್ನ ಮುಂದಿಟ್ಟ ಬರಹವನ್ನು ಓದಿ ನೋಡುವ ಪ್ರಾಥಮಿಕ ಕರ್ತವ್ಯ. ಒಂದು ವರ್ಷ ಹಿಂದೆ, 2023ರ ವಿಧಾನಸಭಾ ಚುನಾವಣೆಯಲ್ಲಿ, ರಾಜ್ಯ ಕಾಂಗ್ರೆಸ್ ಪಕ್ಷವು ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ದರಪಟ್ಟಿಯೆಂದು ಪ್ರಕಟಿಸಿದ ಜಾಹೀರಾತಿಗೆ ಚುನಾವಣಾ ಆಯೋಗವು ಮರುದಿನವೇ ನೋಟಿಸು ಕೊಟ್ಟು, ಆರೋಪಗಳಿಗೆ ಆಧಾರವೇನೆಂದು ಕೇಳಿತ್ತು. ಆ ಜಾಹೀರಾತಿನ ಗುಣದೋಷ ಏನೇ ಇರಲಿ, ಪತ್ರಿಕೆಯ ಮಾತಿಗೆ ಆಧಾರವನ್ನು ಕೇಳುವವರೊಬ್ಬರು ಇದ್ದರು.

ಇನ್ನು ಜಾಹೀರಾತೆಂಬ ಹೆಸರನ್ನೇ ಹೊರದ ಪ್ರಚಾರದ ವಿಷಯ. 2024ರ ಮೇ 4ರಂದು ರಾಜ್ಯ ಬಿಜೆಪಿಯ ಖಾತೆಯಿಂದ ಎಕ್ಸ್ ಜಾಲತಾಣದಲ್ಲಿ ಒಂದು ವ್ಯಂಗ್ಯಚಿತ್ರ ವೀಡಿಯೊ ಹೊರಬಂದಿತು: ಹಕ್ಕಿಗೂಡಿನಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಹೆಸರಿನ ಮೊಟ್ಟೆಗಳ ಪಕ್ಕಕ್ಕೆ ಮುಸಲ್ಮಾನರ ಹೆಸರಿನ ಮೊಟ್ಟೆಯೊಂದನ್ನು ರಾಹುಲ್ ಗಾಂಧಿಯವರ ರೂಪದ ಗೊಂಬೆ ತಂದಿಡುತ್ತದೆ, ಒಡೆದು ಹೊರಬಂದ ಆ ಮರಿಯೇ ನಿಧಿಯ ತುತ್ತನ್ನೆಲ್ಲ ನುಂಗಿ ಉಳಿದವನ್ನು ಗೂಡಿನಿಂದ ಹೊರದೂಡುತ್ತದೆ. ಒಂದು ಜನಸಮುದಾಯವನ್ನು ಹೀಗೆ ಚಿತ್ರಿಸಿದ್ದು ನೀಚವೆಂದೇ ನಾನು ಎಣಿಸುತ್ತೇನೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳು ಮೇ 5ರಂದೇ ಎಕ್ಸ್ ಸಂಸ್ಥೆಗೆ ಬರೆಸಿದ್ದರೂ ಅದು ಹಾಗೆಯೇ ಉಳಿದು, ತೆಗೆದುಹಾಕಬೇಕೆಂಬ ಆಯೋಗದ ಪತ್ರ ಹೋದದ್ದು ಮೇ 7ರಂದು. ಉತ್ತರ ಕರ್ನಾಟಕದ ಕ್ಷೇತ್ರಗಳು ಮತ ಚಲಾಯಿಸಿದ ದಿನವೂ ಅದೇ. ಖಾತೆ ಪಕ್ಷದ್ದೇ ಆದುದರಿಂದ ಹೆಸರಿಗೆ ಕೊರತೆಯಿರಲಿಲ್ಲ, ಹಣ ಪಡೆದು ಹಂಚಿದ ಜಾಹೀರಾತಲ್ಲವಾದುದರಿಂದ ಜಾಹೀರಾತಿನ ಕಟ್ಟಳೆಗಳು ಅದರ ಹತ್ತಿರವೂ ಸುಳಿಯಲಿಲ್ಲ. ಹೆಸರನ್ನು ಕೇಳುವ ನಿಯಮ ಇಲ್ಲಿ ಪೂರ್ಣವಾಗಿ ಪಾಲಿತವಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಬಿಕ್ಕೋಡು ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಆಳವಿದೆ. ಕಾಫಿ ತೋಟಗಳ ನಡುವೆ ಕಾಡಾನೆಗಳು ತಿರುಗಾಡುವ ಈ ಭಾಗದಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಡುವವರು ಗುಂಪು ಎಲ್ಲಿ ಬೀಡುಬಿಟ್ಟಿದೆಯೆಂಬ ಸಂದೇಶವನ್ನು ಮೊಬೈಲಿನಲ್ಲಿ ನೋಡಿಕೊಂಡೇ ಹೆಜ್ಜೆಯಿಡಬೇಕು. ಅದನ್ನು ಸಂಶಯಿಸುತ್ತ ಕುಳಿತರೆ ಪ್ರಾಣಕ್ಕೆ ಅಪಾಯ. ಹೀಗೆ ನಂಬುವುದನ್ನೇ ಜೀವರಕ್ಷಣೆಯ ಅಭ್ಯಾಸವಾಗಿಸಿಕೊಂಡ ಕೈಗೆ, ಅದೇ ವಾಟ್ಸ್‌ಆ್ಯಪಿನಲ್ಲಿ, ಅದೇ ಪರಿಚಿತರಿಂದ, ಚುನಾವಣೆಯ ಸುಳ್ಳೂ ಬಂದು ಸೇರುತ್ತದೆ. ಅದಕ್ಕೆ ಹಣ ಕೊಟ್ಟವರ ಹೆಸರಿಲ್ಲ, ಭಂಡಾರದಲ್ಲಿ ದಾಖಲೆಯಿಲ್ಲ. ಕಳುಹಿಸಿದ ಬಂಧುವಿನ ಮೇಲಿನ ವಿಶ್ವಾಸವೇ ಅದರ ಪ್ರಮಾಣಪತ್ರ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಇದೇ ಮಾರ್ಗದಲ್ಲಿ ಹಬ್ಬಿ, ನಿರಪರಾಧಿಯೊಬ್ಬರನ್ನು ಜನರು ಬಡಿದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವಂತೆ ಮಿತಿ ಹಾಕಿತು. ಇದು ಹೆಸರನ್ನೂ ಕೇಳಲಿಲ್ಲ, ನಿಜವನ್ನೂ ಕೇಳಲಿಲ್ಲ, ವೇಗವನ್ನು ಮಾತ್ರ ತಗ್ಗಿಸಿತು. ಆದರೂ ಮುದ್ರೆಗಳೆಲ್ಲಕ್ಕಿಂತ ಇದು ರೋಗದ ಸ್ವರೂಪವನ್ನು ಹೆಚ್ಚು ಬಲ್ಲ ಚಿಕಿತ್ಸೆಯೆಂದು ನನಗೆ ತೋರುತ್ತದೆ.

ರಾಜಕೀಯ ಜಾಹೀರಾತನ್ನೇ ಸಂಪೂರ್ಣ ನಿಷೇಧಿಸುವುದು ಲೇಸೆಂಬ ವಾದವುಂಟು. ಇಂದು ಎಕ್ಸ್ ಎನಿಸಿಕೊಂಡ ಟ್ವಿಟರ್ 2019ರ ನವೆಂಬರಿನಲ್ಲಿ ಹಾಗೆ ಮಾಡಿ, ಒಡೆತನ ಬದಲಾದ ಮೇಲೆ ಹಿಂದೆ ಸರಿಯಿತು. ಐರೋಪ್ಯ ಒಕ್ಕೂಟದ ಹೊಸ ನಿಯಮ 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ಜಾರಿಗೆ ಬರುವಾಗ ಗೂಗಲ್ಲೂ ಮೆಟಾವೂ ಅಲ್ಲಿ ಇಂಥ ಜಾಹೀರಾತನ್ನೇ ಕೈಬಿಟ್ಟವು. ನಿಯಮವನ್ನು ಪಾಲಿಸುವ ಶ್ರಮಕ್ಕಿಂತ ವ್ಯಾಪಾರವನ್ನು ಬಿಡುವುದು ಸುಲಭವೆನಿಸಿದಾಗ ನಷ್ಟವಾಗುವುದು ಸಾವಿರಾರು ಕಾರ್ಯಕರ್ತರ ಪಡೆಯುಳ್ಳ ಪಕ್ಷಕ್ಕಲ್ಲ, ನೂರಿನ್ನೂರು ರೂಪಾಯಿಯಲ್ಲಿ ತನ್ನ ಹೋಬಳಿಗೆ ತನ್ನ ಮಾತನ್ನು ಮುಟ್ಟಿಸಬಯಸುವ ಪಕ್ಷೇತರ ಅಭ್ಯರ್ಥಿಗೆ. ಆದುದರಿಂದ ನಾನು ಕೇಳುವುದು ನಿಷೇಧವನ್ನಲ್ಲ. ಕನ್ನಡದ ಜಾಹೀರಾತನ್ನು ಕನ್ನಡ ಬಲ್ಲ ಮನುಷ್ಯರು ಓದಿಯೇ ಒಪ್ಪಿಗೆ ಕೊಡಬೇಕು. ಆಯೋಗದ ಪೂರ್ವಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ ಜಾಹೀರಾತಿನ ಮೇಲೆಯೇ ಕಾಣಬೇಕು. ಅದು ಯಾವ ಪಿನ್ ಕೋಡಿಗೆ ಹೋಯಿತೆಂಬುದು, ಹಣ ತೆತ್ತವರಿಗೆ ತಿಳಿದಷ್ಟೇ ಸ್ಪಷ್ಟವಾಗಿ, ಆ ಪಿನ್ ಕೋಡಿನಲ್ಲಿ ವಾಸಿಸುವವರಿಗೂ ತಿಳಿಯಬೇಕು. ಗೂಗಲ್ಲಿನ ಭಾರತೀಯ ನಿಯಮವು ಪಕ್ಷಗಳನ್ನೂ ಲೋಕಸಭೆ ವಿಧಾನಸಭೆಗಳನ್ನೂ ದೃಷ್ಟಿಯಲ್ಲಿಟ್ಟುಕೊಂಡು ರಚಿತವಾದದ್ದು. ಪಕ್ಷದ ಚಿಹ್ನೆಯಿಲ್ಲದೆ, ರಾಜ್ಯ ಚುನಾವಣಾ ಆಯೋಗದ ಆಡಳಿತದಲ್ಲಿ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆಗೆ, ಅಂದರೆ ಬಿಕ್ಕೋಡಿನ ನೀರು, ರಸ್ತೆ, ಬೀದಿದೀಪಗಳನ್ನು ನಿರ್ಣಯಿಸುವ ಮತಕ್ಕೆ, ಈ ಕಟ್ಟಳೆಗಳನ್ನು ಹೇಗೆ ಅನ್ವಯಿಸಬೇಕೆಂಬುದನ್ನು ಮುಂದಿನ ಪಂಚಾಯಿತಿ ಚುನಾವಣೆಗೆ ಮೊದಲೇ ಆ ಆಯೋಗವೂ ಈ ಸಂಸ್ಥೆಗಳೂ ಕೂಡಿ ಬರೆದಿಡಬೇಕಾಗಿದೆ.