ಕಾಯಲು ಪುರುಸೊತ್ತಿಲ್ಲದ ಮಾತು

ಫಾರ್ಮುಲಾ ಒನ್ ಕಾರ್ ರೇಸುಗಳ ವೀಕ್ಷಕ ವಿವರಣೆಗಾರ ಮರ್ರೆ ವಾಕರ್ (1923–2021) ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ತಪ್ಪುಗಳ ಪಟ್ಟಿಯಿಂದಲೇ ಶುರುಮಾಡುತ್ತಾರೆ. ಆ ತಪ್ಪುಗಳಿಗೆ ಇಂಗ್ಲಿಷಿನಲ್ಲಿ ಅವರ ಹೆಸರಿನದೇ ಒಂದು ಪದ ಹುಟ್ಟಿಕೊಂಡಿದೆ: ‘ಮರ್ರೆಇಸಂ’. ನಾನೂ ಅವರ ಹಳೆಯ ಪ್ರಸಾರಗಳನ್ನು ಹುಡುಕಿ ನೋಡಿದ್ದು ನಗುವುದಕ್ಕೆಂದೇ. ನೋಡುತ್ತಾ ಹೋದಂತೆ, ನಾನು ನಗುತ್ತಿರುವುದು ಅವರ ದೋಷಕ್ಕಲ್ಲ, ಆ ಕಲೆಯ ಸ್ವಭಾವಕ್ಕೆ ಎನ್ನಿಸತೊಡಗಿತು.

ವಾಕರ್ ಬಿಬಿಸಿಗಾಗಿ ಮೊದಲು ಮಾತಾಡಿದ್ದು 1940ರ ದಶಕದ ಕೊನೆಯಲ್ಲಿ. ಅವರ ತಂದೆ ಗ್ರಹಾಂ ವಾಕರ್ ಮೋಟಾರ್‌ಸೈಕಲ್ ರೇಸಿನ ಹೆಸರಾಂತ ಸವಾರ, ಆಮೇಲೆ ವಿವರಣೆಗಾರ. 1962ರಲ್ಲಿ ತಂದೆ ತೀರಿಕೊಳ್ಳುವ ತನಕ ಇಬ್ಬರೂ ಜೊತೆಯಾಗಿ ಮಾತಾಡಿದರು. ಹೊಟ್ಟೆಪಾಡಿಗೆ ಮರ್ರೆ ಜಾಹೀರಾತು ಸಂಸ್ಥೆಯ ಕೆಲಸ ಹಿಡಿದಿದ್ದರು. ಅದರಿಂದ ನಿವೃತ್ತರಾದದ್ದು 1982ರಲ್ಲಿ. ಜನ ಅವರನ್ನು ಧ್ವನಿಯಿಂದಲೇ ಗುರುತಿಸುವ ಹೊತ್ತಿಗೆ ಅವರಿಗೆ ಅರವತ್ತು ಹತ್ತಿರವಾಗಿತ್ತು.

ಬರೆಯುವವನಿಗೆ ವಾಕ್ಯ ಹೊಡೆದುಹಾಕುವ ಸೌಲಭ್ಯವಿದೆ. ವಿವರಣೆಗಾರನಿಗೆ ಅದಿಲ್ಲ. 1986ರ ಅಡಿಲೇಡ್ ರೇಸಿನಲ್ಲಿ ನೈಜೆಲ್ ಮ್ಯಾನ್ಸೆಲ್‌ಗೆ ವಿಶ್ವ ಚಾಂಪಿಯನ್‌ಪಟ್ಟ ಕೈಗೆಟುಕುವಷ್ಟು ಹತ್ತಿರವಿದ್ದಾಗ ಕಾರಿನ ಹಿಂದಿನ ಟೈರು ಸಿಡಿಯಿತು. ಆ ಕ್ಷಣ ವಾಕರ್ ಬಾಯಲ್ಲಿ ಒಂದು ಕ್ರಿಯಾವಿಶೇಷಣ ಬಂತು, ಅದಕ್ಕೆ ಕ್ರಿಯಾಪದ ಬರಲಿಲ್ಲ. ಮಿಕ್ಕದ್ದು ಚಾಲಕನ ಹೆಸರು, ಅದೂ ಎರಡು ಸಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ನಮಗೊಂದಿಷ್ಟು ಅವಕಾಶವಿದೆ. ಇಂಗ್ಲಿಷ್ ಮೊದಲೇ ಮಾತು ಕೊಟ್ಟುಬಿಡುತ್ತದೆ. ವಾಕರ್ ಕೊಟ್ಟ ಮಾತನ್ನು ಕಾರುಗಳು ಮುರಿಯುತ್ತಿದ್ದವು. ಆದರೆ ಮುರಿದ ಆ ವಾಕ್ಯವೇ ಟೈರು ಸಿಡಿದದ್ದನ್ನು ನಮಗೆ ಮುಟ್ಟಿಸುತ್ತದೆ. ಪೂರ್ಣ ವಾಕ್ಯಕ್ಕೆ ಅದು ಸಾಧ್ಯವಾಗುತ್ತಿರಲಿಲ್ಲ.

1980ರಿಂದ ಅವರ ಜೊತೆಗಿದ್ದವರು 1976ರ ಚಾಂಪಿಯನ್ ಜೇಮ್ಸ್ ಹಂಟ್. ಇಬ್ಬರಿಗೂ ಸೇರಿ ಒಂದೇ ಮೈಕು. ವಾಕರ್ ನಿಂತು ಕೂಗುವವರು, ಹಂಟ್ ಕೂತು ತೀರ್ಪು ಹೇಳುವವರು. ಹಂಟ್‌ಗೆ ಚಾಲಕನೊಬ್ಬನನ್ನು ದಡ್ಡ ಎನ್ನಲು ಸಂಕೋಚವಿರಲಿಲ್ಲ. ವಾಕರ್ ಯಾರನ್ನೂ ಹಳಿಯುತ್ತಿರಲಿಲ್ಲ. ಇದನ್ನು ಅವರ ಸಜ್ಜನಿಕೆ ಎಂದು ಹೊಗಳುವುದುಂಟು. ನನಗೆ ಇದು ಅವರ ನಿಜವಾದ ಕೊರತೆಯಾಗಿಯೂ ಕಾಣುತ್ತದೆ: ಮೆಚ್ಚಲು ಬಲ್ಲವರು, ಅಳೆಯಲು ಹಿಂಜರಿಯುವವರು. 1993ರಲ್ಲಿ ಹಂಟ್ ತೀರಿಕೊಂಡರು. ಆ ಜೋಡಿ ಮುರಿದಮೇಲೆ ಅಳೆಯುವ ದನಿಯ ಬೆಲೆ ಇನ್ನಷ್ಟು ತಿಳಿಯುತ್ತದೆ.

ಆದರೂ ನಾನು ಮತ್ತೆಮತ್ತೆ ನೋಡುವುದು 1996ರ ಅಕ್ಟೋಬರ್ 13ರ ಸುಜುಕಾ ರೇಸನ್ನು. ಡೇಮನ್ ಹಿಲ್ ಅಂದು ಗೆದ್ದು ಚಾಂಪಿಯನ್ ಆದರು. ಅವರ ತಂದೆಯೂ ಚಾಂಪಿಯನ್, 1975ರಲ್ಲಿ ವಿಮಾನ ಅಪಘಾತದಲ್ಲಿ ಸತ್ತವರು; ಅವರ ಹೆಸರೂ ಗ್ರಹಾಂ. ಮೂರು ದಿನದ ಹಿಂದಷ್ಟೇ ಎಪ್ಪತ್ತಮೂರು ತುಂಬಿದ್ದ ವಾಕರ್, ಹಿಲ್ ಗೆರೆ ದಾಟುತ್ತಿದ್ದಂತೆ, ಗಂಟಲು ಕಟ್ಟಿಬಂದಿದೆ, ಮಾತು ನಿಲ್ಲಿಸಲೇಬೇಕು ಎಂದರು. ಸುಮ್ಮನಾದರು.

ವೃತ್ತಿಯ ಲೆಕ್ಕದಲ್ಲಿ ಅದು ಲೋಪ. ಪಕ್ಷಪಾತ ಎಂದರೂ ಒಪ್ಪುತ್ತೇನೆ. ಆದರೆ ಸುಮಾರು ಅರ್ಧ ಶತಮಾನ ಮೌನಕ್ಕೆ ಎಡೆ ಕೊಡದ ಮನುಷ್ಯ ಸುಮ್ಮನಾದಾಗ ಆ ಮೌನಕ್ಕೊಂದು ಅರ್ಥವಿರುತ್ತದೆ. ಎಂದೂ ತಪ್ಪದೆ ಅಳೆದು ತೂಗಿ ಮಾತಾಡುವವರ ಮೌನಕ್ಕೆ ಆ ತೂಕ ಬರುವುದಿಲ್ಲ. 2001ರಲ್ಲಿ ಇಂಡಿಯಾನಾಪೊಲಿಸ್ ರೇಸಿನೊಂದಿಗೆ ಅವರು ಮೈಕು ಕೆಳಗಿಟ್ಟರು. ನಾನೀಗ ಅವರ ತಪ್ಪುಗಳ ಪಟ್ಟಿ ಓದುವುದಿಲ್ಲ. ಆ ಮೌನವನ್ನು ಕೇಳುತ್ತೇನೆ.