ಕನಸಿನ ಕೈಪಿಡಿ: ಗಟ್ಟಿ ಎಷ್ಟು, ಜೊಳ್ಳು ಎಷ್ಟು

ಸ್ಟೀಫನ್ ಲಬರ್ಜ್ ಮತ್ತು ಹವರ್ಡ್ ರೈನ್‌ಗೋಲ್ಡ್ 1990ರಲ್ಲಿ ಪ್ರಕಟಿಸಿದ ‘ಎಕ್ಸ್‌ಪ್ಲೋರಿಂಗ್ ದಿ ವರ್ಲ್ಡ್ ಆಫ್ ಲೂಸಿಡ್ ಡ್ರೀಮಿಂಗ್’, ಕಾಣುತ್ತಿರುವುದು ಕನಸೆಂದು ಕನಸಿನೊಳಗೇ ಅರಿಯುವ ಅಭ್ಯಾಸವನ್ನು ಕಲಿಸುವ ಕೈಪಿಡಿ. ಡಚ್ ವೈದ್ಯ ಮತ್ತು ಲೇಖಕ ಫ್ರೆಡರಿಕ್ ವಾನ್ ಈಡನ್ 1913ರಲ್ಲೇ ಇಂಥ ಕನಸುಗಳನ್ನು ‘ಲೂಸಿಡ್’ ಎಂದು ಕರೆದು ವಿವರಿಸಿದ್ದರೂ ಪ್ರಯೋಗಾಲಯದ ಪುರಾವೆ ಸಿಕ್ಕಿದ್ದು ಬಹಳ ತಡವಾಗಿ. ಕನಸುಗಳು ಹೆಚ್ಚಾಗಿ ಬೀಳುವ ರೆಮ್ ನಿದ್ರೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಬಿದ್ದಿರುತ್ತವೆ, ಕಣ್ಣಾಲಿಗಳು ಮಾತ್ರ ಚಲಿಸುತ್ತವೆ. ಮೊದಲೇ ಗೊತ್ತುಮಾಡಿಕೊಂಡಂತೆ ಅವನ್ನು ಎಡಬಲ ಹೊರಳಿಸಿ ನಿದ್ದೆಯಲ್ಲಿರುವವರು ಸಂಜ್ಞೆ ಕೊಡಬಲ್ಲರೆಂಬುದನ್ನು 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಕೀತ್ ಹರ್ನ್, ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಲಬರ್ಜ್ ತೋರಿಸಿಕೊಟ್ಟರು.

ಪುಸ್ತಕದ ಅತ್ಯಂತ ಗಟ್ಟಿಯಾದ ಭಾಗ, ಓದುಗರು ಅವಸರದಲ್ಲಿ ದಾಟಿಹೋಗುವ ಆರಂಭದ ಪುಟಗಳು. ರಾತ್ರಿಗೆ ಒಂದಾದರೂ ಕನಸು ನೆನಪಿನಲ್ಲಿ ಉಳಿಯುವವರೆಗೆ ಮುಂದಿನ ವಿಧಾನಗಳಿಗೆ ಕೈಹಾಕಬಾರದು ಎನ್ನುತ್ತಾರೆ ಲೇಖಕರು. ಎಚ್ಚರವಾದ ಕೂಡಲೇ ಮಗ್ಗುಲು ಬದಲಿಸದೆ, ದಿನದ ಕೆಲಸಗಳನ್ನು ನೆನೆಯದೆ, ಈಗ ಕಂಡದ್ದೇನು ಎಂದು ಕೇಳಿಕೊಳ್ಳಬೇಕು. ಸಿಕ್ಕಿದ ಎಳೆಯನ್ನು, ಅದು ಬರೀ ಒಂದು ಮನಸ್ಥಿತಿಯಾದರೂ, ಬರೆದಿಡಬೇಕು. ರೆಮ್ ಅವಧಿಗಳು ಬೆಳಗಿನ ಹೊತ್ತಿಗೆ ದೀರ್ಘವಾಗುವುದರಿಂದ, ನಿದ್ದೆಯ ಕೊನೆಯ ಗಂಟೆಗಳನ್ನು ಕತ್ತರಿಸಿಕೊಂಡವರು ಕನಸುಗಳ ದೊಡ್ಡ ಪಾಲನ್ನೇ ಕಳೆದುಕೊಳ್ಳುತ್ತಾರೆ. ಹೀಗೆ ಬರೆದಿಟ್ಟ ದಿನಚರಿಯಲ್ಲಿ ಮತ್ತೆ ಮತ್ತೆ ತಲೆಹಾಕುವ ಅಸಂಗತಿಗಳನ್ನು, ತೀರಿಕೊಂಡವರು ಮಾತಾಡುವುದು, ಇಲ್ಲದ ಕೋಣೆ ಮನೆಯಲ್ಲಿ ಕಾಣಿಸುವುದು ಮುಂತಾದವನ್ನು, ಪುಸ್ತಕ ಕನಸಿನ ಗುರುತುಗಳೆಂದು ವಿಂಗಡಿಸುತ್ತದೆ.

ಲಬರ್ಜ್ ರೂಪಿಸಿದ ‘ಮೈಲ್ಡ್’ ವಿಧಾನವೂ ನೆನಪಿನ ಕಸರತ್ತೇ. ನಸುಕಿನಲ್ಲಿ ಎದ್ದು, ಆಗಷ್ಟೇ ಮುಗಿದ ಕನಸನ್ನು ಮೆಲುಕು ಹಾಕಿ, ಮುಂದಿನ ಕನಸನ್ನು ಕನಸೆಂದು ಗುರುತಿಸುವುದು ನೆನಪಿರಲಿ ಎಂದು ಸಂಕಲ್ಪಿಸಿ ಮತ್ತೆ ಮಲಗುವುದು ಇದರ ತಿರುಳು. ಬರುವಾಗ ಹಾಲು ತರಬೇಕೆಂದು ನೆನಪಿಟ್ಟುಕೊಳ್ಳುವ ಶಕ್ತಿಗೂ ಇದಕ್ಕೂ ಜಾತಿ ಒಂದೇ. ಆಸ್ಟ್ರೇಲಿಯಾದ ಡೆನ್‌ಹೋಮ್ ಆಸ್ಪಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇತ್ತಲೇ ಬೊಟ್ಟು ಮಾಡುತ್ತದೆ. ಐದು ಗಂಟೆ ನಿದ್ರಿಸಿ ಎದ್ದು ಮೈಲ್ಡ್ ಮಾಡಿದವರ ಪ್ರಯತ್ನಗಳಲ್ಲಿ ಸುಮಾರು ಶೇ 17 ಫಲಿಸಿದವು. ಅಭ್ಯಾಸ ಮುಗಿಸಿದ ಐದು ನಿಮಿಷದೊಳಗೆ ನಿದ್ದೆಹೋದವರಲ್ಲಿ ಈ ಪ್ರಮಾಣ ಶೇ 46ರ ಸಮೀಪ. ಹಗಲಲ್ಲಿ ಇದು ಕನಸೇ ಎಂದು ಪದೇಪದೇ ಪರೀಕ್ಷಿಸಿಕೊಳ್ಳುವುದೊಂದರಿಂದಲೇ ಗಮನಾರ್ಹ ಲಾಭ ಕಾಣಲಿಲ್ಲ. ಬರಹವನ್ನು ಓದಿ, ಕಣ್ಣು ತೆಗೆದು, ಮತ್ತೆ ಓದಿದರೆ ಕನಸಿನಲ್ಲಿ ಅಕ್ಷರ ಬದಲಾಗಿರುತ್ತದೆ ಎಂಬ ಪುಸ್ತಕದ ಹೆಸರಾಂತ ಉಪಾಯ ಅನುಮಾನವನ್ನು ಖಚಿತಪಡಿಸಿಕೊಳ್ಳಲು ಸರಿ. ಅನುಮಾನವೇ ಮೂಡದಿದ್ದರೆ ಅದಕ್ಕೆ ಕೆಲಸವಿಲ್ಲ.

ಉತ್ತರಾರ್ಧದಲ್ಲಿ ಪುಸ್ತಕದ ಬಿಗಿ ಸಡಿಲುತ್ತದೆ. ಕೌಶಲಗಳ ತಾಲೀಮು, ಸೃಜನಶೀಲತೆ, ಗುಣಪಡಿಸುವಿಕೆ ಎಂದು ಭರವಸೆಗಳು ಸಾಲುಗಟ್ಟುತ್ತವೆ; ಅಭ್ಯಾಸಿಗಳ ಪತ್ರಗಳೇ ಪುರಾವೆಯ ಜಾಗದಲ್ಲಿ ಕೂರುತ್ತವೆ. ಸಾಧಿಸಿದವರು ಬರೆಯುತ್ತಾರೆ, ಸೋತವರು ಸುಮ್ಮನಿರುತ್ತಾರೆ ಎಂಬ ಎಣಿಕೆ ಅಲ್ಲಿಲ್ಲ. ನಸುಕಿನ ನಿದ್ದೆಯನ್ನು ಮತ್ತೆ ಮತ್ತೆ ಮುರಿಯುವುದರ ಬೆಲೆಗೂ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ನಿದ್ರಾಹೀನತೆ ಇರುವವರಿಗೆ ಈ ಅಭ್ಯಾಸ ತಕ್ಕುದಲ್ಲ. ದುಃಸ್ವಪ್ನದಲ್ಲಿ ಅಟ್ಟಿಸಿಕೊಂಡು ಬಂದವನಿಗೆ ಬೆನ್ನು ತೋರದೆ ಎದುರು ನಿಲ್ಲಬೇಕೆಂಬ ಸಲಹೆ ಮಾತ್ರ ಅರ್ಥಪೂರ್ಣ. ಆದರೆ ಚಿಕಿತ್ಸಾಲಯಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದದ್ದು ಬೇರೆ ವಿಧಾನ: ಹಗಲಲ್ಲಿ ಎಚ್ಚರವಿದ್ದಾಗಲೇ ಆ ಕನಸಿನ ಕಥೆಯನ್ನು ಬದಲಿಸಿ, ಹೊಸ ಕಥೆಯನ್ನು ಮನಸ್ಸಿನಲ್ಲಿ ದಿನವೂ ಅಭ್ಯಾಸ ಮಾಡುವುದು. ಅದಕ್ಕೆ ಕನಸಿನೊಳಗೆ ಎಚ್ಚರಗೊಳ್ಳುವ ಅಗತ್ಯವೇ ಇಲ್ಲ.