ಹೋಬಳಿವಾರು ಮಳೆ ನಕ್ಷೆ: ಬಣ್ಣದ ಕೆಳಗಿನ ಬಿಂದು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿವಾರು ಮಳೆ ನಕ್ಷೆಗೆ ದೊಡ್ಡ ಹೆಸರಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆಯು ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ನೆಟ್ಟು, 15 ನಿಮಿಷಕ್ಕೊಮ್ಮೆ ಅಂಕಿ ತರಿಸುವಷ್ಟು ಬೆಳೆದದ್ದು ನಿಜವಾದ ಸಾಧನೆ. ಆದರೆ ಆ ಹೆಸರೆಲ್ಲ ಬಣ್ಣದ ಪಾಲಾಗಿ, ಅದರ ಕೆಳಗಿನ, ಮಾಪಕ ನಿಂತ ಬಿಂದು ಮರೆತುಹೋಗಿದೆ.

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಗೆ ಒಂದೇ ಬಣ್ಣ ಬಳಿದರೆ ಅಲ್ಲಿನ ಹೊಲಗಳಿಗೆಲ್ಲ ಒಂದೇ ಮಳೆ ಎಂದಾಗುತ್ತದೆ. ಹವಾಮಾನ ಇಲಾಖೆಯ ಸಾದಾ ಮಳೆಮಾಪಕದ ಬಾಯಿ 200 ಚದರ ಸೆಂಟಿಮೀಟರ್. ಅದು ಅಳೆಯುವುದು ಆ ಬಾಯಿಗೆ ಬಿದ್ದ ನೀರನ್ನು ಮಾತ್ರ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಒಂದೂರನ್ನು ತೋಯಿಸಿ ಪಕ್ಕದೂರನ್ನು ಒಣಗಿದ್ದಂತೆಯೇ ಬಿಡುತ್ತದೆ. ಪಶ್ಚಿಮದ ಸಕಲೇಶಪುರದ ಮಲೆನಾಡಿನಿಂದ ಪೂರ್ವದ ಚನ್ನರಾಯಪಟ್ಟಣದ ಬಯಲಿಗೆ ಬರುವಷ್ಟರಲ್ಲಿ ವರ್ಷದ ಮಳೆ ಅರ್ಧಕ್ಕಿಂತ ಕೆಳಗಿಳಿಯುವ ಜಿಲ್ಲೆಯಿದು.

ಆದ್ದರಿಂದ ಇಂಥ ನಕ್ಷೆ ಮಾಡಲು ಕಲಿಯುವವರು ಮೊದಲು ತಿಳಿಯಬೇಕಾದದ್ದು ಬಿಂದುವನ್ನು ಗುರುತಿಸುವ ಬಗೆ. ಸರ್ವೆ ಆಫ್ ಇಂಡಿಯಾದ ಭೂಪಟಗಳ ಹಳೆಯ ವಿಂಗಡಣೆಯಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು 57ಡಿ ಹಾಳೆಯಲ್ಲಿವೆ. ಹಾಸನ ನಗರ 13 ಡಿಗ್ರಿ ಅಕ್ಷಾಂಶದ ಗೆರೆಗೇ ಅಂಟಿಕೊಂಡಿರುವುದರಿಂದ 57ಸಿ ಹಾಳೆಯನ್ನೂ ಜೋಡಿಸಿಕೊಳ್ಳಬೇಕು. ಹೊಳೆನರಸೀಪುರದ ಸ್ಥಾನ ಸುಮಾರು 12 ಡಿಗ್ರಿ 47 ಮಿನಿಟು ಉತ್ತರ, 76 ಡಿಗ್ರಿ 14 ಮಿನಿಟು ಪೂರ್ವ. ಒಂದು ಡಿಗ್ರಿಗೆ 60 ಮಿನಿಟು. ದಶಮಾಂಶದಲ್ಲಿ ಆ ಸ್ಥಾನ 12.78, 76.23 ಆಗಬೇಕು. ಮಿನಿಟುಗಳನ್ನೇ ದಶಮಾಂಶವೆಂದು ತಿಳಿದು 12.47, 76.14 ಎಂದು ಬರೆದರೆ ಅಲ್ಲಿನ ಮಳೆ ಕೇಂದ್ರವು ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್, ಪಶ್ಚಿಮಕ್ಕೆ 10 ಕಿಲೋಮೀಟರ್ ಸರಿದು ಮೈಸೂರು ಜಿಲ್ಲೆಯ ಬೆಟ್ಟದಪುರದ ಆಸುಪಾಸಿಗೆ ಬೀಳುತ್ತದೆ. ಹೇಮಾವತಿ ದಡದ ಊರಿನ ಮಳೆ ಬೇರೆ ಜಿಲ್ಲೆಯ ಲೆಕ್ಕ ಸೇರುತ್ತದೆ. ಅಂಕಿ ಸರಿಯಿದ್ದೂ ನಕ್ಷೆ ಸುಳ್ಳಾಗುತ್ತದೆ. ಬಣ್ಣ ಬಳಿದ ಮೇಲೆ ಆ ಸುಳ್ಳು ಕಣ್ಣಿಗೂ ಬೀಳದು.

ಜಾಗ, ವೇಳೆಗಳೂ ಬಿಂದುವಿನ ಭಾಗವೇ. ಮಾಪಕದ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಮರ, ಗೋಡೆಗಳು ತಮ್ಮ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ದಿನದ ಮಳೆಯ ಲೆಕ್ಕ ಬೆಳಿಗ್ಗೆ 8:30ಕ್ಕೆ ಮುಗಿದು ಆ ದಿನದ ತಾರೀಖಿಗೆ ಸೇರುತ್ತದೆ. ಮೇ 1ರ ಸಂಜೆ ಸುರಿದದ್ದನ್ನು ಮೇ 2ರ ನಕ್ಷೆಯಲ್ಲಿ ಹುಡುಕಬೇಕು.

ಮಾಪಕಗಳು ಹೆಚ್ಚಿದಷ್ಟೂ ಇಂಥ ತಪ್ಪುಗಳು ತಾವೇ ಕರಗುತ್ತವೆ ಎಂಬ ವಾದವೊಂದಿದೆ. ಅದು ಅರ್ಧ ಸತ್ಯ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗುವ ದೋಷ ಸರಾಸರಿಯಲ್ಲಿ ಕರಗೀತು. ತಾರಸಿಯ ಮೇಲೆ ಗಾಳಿಗೆ ಒಡ್ಡಿಕೊಂಡ ಮಾಪಕ ಮಾತ್ರ ಮಳೆ ಬಂದಾಗಲೆಲ್ಲ ಕಡಿಮೆಯನ್ನೇ ತೋರಿಸುತ್ತದೆ. ಅಂಥ ನೂರು ಮಾಪಕಗಳಿದ್ದರೂ ಕೊರತೆ ತುಂಬದು. ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಇಂಥ ಅಂಕಿಗಳನ್ನೇ ನಂಬಿರುವುದರಿಂದ ಆ ದೋಷ ಪರಿಹಾರದ ಲೆಕ್ಕಕ್ಕೂ ಇಳಿಯುತ್ತದೆ.

ನಕ್ಷೆ ನಂಬಿಕೆಗೆ ಅರ್ಹವಾಗಬೇಕಾದರೆ ಪ್ರತಿ ಹೋಬಳಿಯಲ್ಲೂ ಮಾಪಕದ ಬಿಂದು ಕಾಣಬೇಕು. ಅದರ ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಅಳತೆಯ ವೇಳೆ ಜೊತೆಗಿರಬೇಕು. ಬಣ್ಣ ಆಮೇಲಿನ ಮಾತು.